ಪಾಸ್‌ವರ್ಡ್ ಬದಲಿಸಿದ ಮೇಲೂ ಕಳ್ಳ ಒಳಗೇ ಇದ್ದ

ದಾವಣಗೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದಾಗ ರಾತ್ರಿ 10 ದಾಟಿತ್ತು. "ಹೆಂಗಿದ್ದೀಯಮ್ಮಾ ಈಗ? ಹನ್ನೆರಡು ಸಾವಿರ ಹಾಕೀನಿ, ಆಸ್ಪತ್ರೆಗೆ ಸಾಕಾಗುತ್ತಾ?" ಅಂದರು. ನಾನು ಮನೆಯಲ್ಲಿ ಮಗನ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದೆ. ನನಗೆ ಅಪಘಾತ ಆಗಿದೆ, ಮಾತಾಡಲು ಆಗುತ್ತಿಲ್ಲ, ಈ ಯುಪಿಐಗೆ ದುಡ್ಡು ಕಳಿಸಿ ಅಂತ ಅವರಿಗೆ ಮೇಲ್ ಹೋಗಿತ್ತು. ಹೋಗಿದ್ದು ನನ್ನದೇ ಮೇಲ್‌ನಿಂದ.

ಎರಡು ತಿಂಗಳ ಹಿಂದೆ ಒಂದು ಆನ್‌ಲೈನ್ ಅಂಗಡಿಯ ಗ್ರಾಹಕರ ಮಾಹಿತಿಯೆಲ್ಲ ಸೋರಿಕೆಯಾಗಿತ್ತು. ನಾನು ಅಲ್ಲಿ ಯಾವಾಗಲೋ ಒಮ್ಮೆ ಕುಕ್ಕರ್ ತರಿಸಿದ್ದೆ, ಅಷ್ಟೇ. ಪಾಸ್‌ವರ್ಡ್ ಬದಲಿಸಿ ಅಂತ ಅವರು ಬರೆದಿದ್ದರು, ಬದಲಿಸಿದೆ. ಆದರೆ ಅಲ್ಲಿ ಸೋರಿದ ಹಳೆಯ ಪಾಸ್‌ವರ್ಡೇ ನನ್ನ ಜಿಮೇಲ್‌ಗೂ ಇತ್ತು. ಅದು ಆಗ ಹೊಳೆಯಲೇ ಇಲ್ಲ. ಸೋರಿದ ಪಾಸ್‌ವರ್ಡ್‌ಗಳನ್ನು ಬೇರೆ ಬೇರೆ ಕಡೆ ಹಾಕಿ ನೋಡುವುದೇ ಈ ಕಳ್ಳರ ಕೆಲಸ. ಅದನ್ನೂ ಯಂತ್ರವೇ ಮಾಡುತ್ತದೆ. ಹಳೆಯದು ಅಂತ ಬಿಡುವ ಹಾಗೂ ಇಲ್ಲ: ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕದ್ದ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳು 2016ರಲ್ಲಿ ಮಾರಾಟಕ್ಕೆ ಬಂದಿದ್ದವು.

ಆ ರಾತ್ರಿಯೇ ಮೇಲ್ ಪಾಸ್‌ವರ್ಡ್ ಬದಲಿಸಿ, ಇನ್ನು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ನಾಲ್ಕು ದಿನ ಬಿಟ್ಟು ಇನ್ನೊಂದು ಶಾಪಿಂಗ್ ಆ್ಯಪ್‌ನಲ್ಲಿದ್ದ ನನ್ನ 3,400 ರೂಪಾಯಿಗೆ ಯಾರೋ ಗಿಫ್ಟ್ ಕಾರ್ಡ್ ಕೊಂಡುಬಿಟ್ಟಿದ್ದರು. ಅಲ್ಲಿ ಪಾಸ್‌ವರ್ಡ್ ಬೇರೆಯೇ ಇತ್ತು! ಅಕ್ಕನ ಮಗ ಕಂಪ್ಯೂಟರ್ ಮುಂದೆ ಕೂತು ಹುಡುಕಿದಾಗ ಗೊತ್ತಾಯಿತು. ಕಳ್ಳ ಒಳಗಿದ್ದಾಗ ನನ್ನ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಹಾಕಿಟ್ಟಿದ್ದ. 'ಪಾಸ್‌ವರ್ಡ್', 'ಓಟಿಪಿ' ಅಂತ ಇಂಗ್ಲಿಷಿನಲ್ಲಿ ಬರೆದಿರುವ ಯಾವ ಮೇಲ್ ಬಂದರೂ ಅವನಿಗೆ ಫಾರ್ವರ್ಡ್ ಆಗಿ, ನನ್ನ ಕಡೆ ಸೀದಾ ಕಸದ ಬುಟ್ಟಿಗೆ ಬೀಳುತ್ತಿತ್ತು. ಆ್ಯಪ್‌ನಲ್ಲಿ ಪಾಸ್‌ವರ್ಡ್ ಮರೆತಿದ್ದೇನೆ ಅಂತ ಅವನು ಒತ್ತಿದರೆ ಸಾಕು, ಹೊಸದು ಮಾಡುವ ಲಿಂಕ್ ಅವನ ಕೈಗೇ ಹೋಗುತ್ತಿತ್ತು. ನಾನು ಮೇಲ್ ಪಾಸ್‌ವರ್ಡ್ ಬದಲಿಸಿದರೂ ಫಿಲ್ಟರ್ ಹಾಗೇ ಇತ್ತು.

ದಯವಿಟ್ಟು ಇವತ್ತೇ ನೋಡಿ. ಮೊಬೈಲ್ ಆ್ಯಪ್‌ನಲ್ಲಿ ಇದು ಕಾಣುವುದಿಲ್ಲ, ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ಸ್ ಎರಡನ್ನೂ ನೋಡಿ. ನೀವು ಹಾಕದೇ ಇರುವುದು ಏನಿದ್ದರೂ ಅಳಿಸಿ. ಪಾಸ್‌ವರ್ಡ್ ಮರೆತಾಗ ಬಳಸಲು ಕೊಟ್ಟಿರುವ ಫೋನ್ ನಂಬರ್, ಇನ್ನೊಂದು ಮೇಲ್ ನಿಮ್ಮದೇ ತಾನೇ? ಗುರುತಿಲ್ಲದ ಫೋನು, ಕಂಪ್ಯೂಟರ್ ಲಾಗಿನ್ ಆಗಿದ್ದರೆ ಹೊರಗೆ ಹಾಕಿ. ಆಮೇಲೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಹಾಕಿಕೊಳ್ಳಿ. ಫೋನ್ ಕೈಯಲ್ಲಿಲ್ಲದಾಗ ಬಳಸಲು ಅದಕ್ಕೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ನಿಮ್ಮ ಮೇಲ್ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಅಂತ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ತಾಣದಲ್ಲಿ ಸುಮ್ನೆ ವಿಳಾಸ ಹಾಕಿ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ದುಡ್ಡು ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಕಳ್ಳರ ಖಾತೆಯಲ್ಲಿ ಇರುವಷ್ಟು ಹೊತ್ತಿನಲ್ಲಿ ಮಾತ್ರ ತಡೆಹಿಡಿಯಲು ಆಗುವುದು. ನಾವು ಮಾರನೇ ದಿನ ಮಧ್ಯಾಹ್ನ ಮಾಡಿದೆವು. ಖಾತೆ ಅಷ್ಟರಲ್ಲೇ ಖಾಲಿಯಾಗಿತ್ತು.

ಚಿಕ್ಕಪ್ಪನಿಗೆ 12,000 ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನೀನು ಚೆನ್ನಾಗಿದ್ದೀಯಲ್ಲ, ಬಿಡು" ಅಂದರು. ಅವರ ಮೇಲ್ ತೆರೆಸಿ, ಫಾರ್ವರ್ಡಿಂಗ್, ಫಿಲ್ಟರ್ ಎಲ್ಲ ನೋಡಿ, ಹೊಸ ಪಾಸ್‌ವರ್ಡ್ ಹಾಕಿಸಿಯೇ ಊರಿಗೆ ಬಂದೆ.