ಗೋಸುಂಬೆಯ ಊಟಕ್ಕೆ ಚಿಮ್ಮಂಡೆಯೋ, ರೇಷ್ಮೆಹುಳುವೋ?

ನಾನು ಸಾಕಿರುವುದು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿದ, ವೇಲ್ಡ್ ಎಂಬ ಜಾತಿಯ ಗೋಸುಂಬೆ. ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಹಿಡಿದು ಸಾಕುವಂತಿಲ್ಲ. ಮಡಿಕೇರಿಯ ನಮ್ಮ ಮನೆಯಲ್ಲಿ ಎರಡು ಮಳೆಗಾಲ ಮೂರು ಬಗೆಯ ಹುಳುಗಳನ್ನು ಕೊಟ್ಟು ನೋಡಿದ್ದೇನೆ.

ಮೀಲ್‌ವರ್ಮ್, ಅಂದರೆ ಒಂದು ಬಗೆಯ ದುಂಬಿಯ ಮರಿಹುಳು, ಸಾಕುವುದು ಅತಿ ಸುಲಭ. ಡಬ್ಬಿಯಲ್ಲಿ ಗೋಧಿ ತೌಡು ಹಾಕಿಟ್ಟರೆ ಸಾಕು. ಆದರೆ ಅದರಲ್ಲಿ ಕೊಬ್ಬು ಶೇ. 13ರಷ್ಟು, ಅಂದರೆ ಚಿಮ್ಮಂಡೆಯ ಸುಮಾರು ಎರಡರಷ್ಟು. ಅದರ ರುಚಿ ಹತ್ತಿದ ಮೇಲೆ ನನ್ನ ಗೋಸುಂಬೆ ಬೇರೆ ಹುಳುಗಳ ಕಡೆ ತಿರುಗಿಯೂ ನೋಡದಾಯಿತು. ಹಾಗಾಗಿ ಅದನ್ನು ನಿತ್ಯದ ಊಟದಿಂದ ಕೈಬಿಟ್ಟೆ.

ಚಿಮ್ಮಂಡೆಯ ಮುಖ್ಯ ಕೊರತೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಅದರಲ್ಲಿ ರಂಜಕವು (ಫಾಸ್ಫರಸ್) ಕ್ಯಾಲ್ಸಿಯಂಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಹಾಗೆಯೇ ತಿನ್ನಿಸುತ್ತ ಹೋದರೆ ಗೋಸುಂಬೆಯ ಮೂಳೆಗಳು ಮೆತ್ತಗಾಗಿ ಕಾಲುಗಳು ಸೊಟ್ಟಗಾಗುತ್ತವೆ. ಆದ್ದರಿಂದ ಯಾವ ಹುಳು ಎನ್ನುವುದಕ್ಕಿಂತ ಆ ಹುಳು ಏನು ತಿಂದಿತ್ತು ಎನ್ನುವುದೇ ಮುಖ್ಯವೆಂದು ನಾನು ನಂಬುತ್ತೇನೆ. ಊಟಕ್ಕೆ 48 ಗಂಟೆ ಮೊದಲು ಚಿಮ್ಮಂಡೆಗಳಿಗೆ ನುಗ್ಗೆಸೊಪ್ಪು ಮತ್ತು ಸಿಹಿಕುಂಬಳದ ತುರಿ ಹಾಕುತ್ತೇನೆ. ನೀರಿನ ಬಟ್ಟಲಿಟ್ಟರೆ ಅದರಲ್ಲಿ ಬಿದ್ದು ಸಾಯುವುದರಿಂದ ಕಿತ್ತಳೆಯ ತುಂಡು ಇಡುತ್ತೇನೆ. ಪಾಲಕ್‌ನ ಆಕ್ಸಲೇಟ್ ಸುಣ್ಣವನ್ನು ಹಿಡಿದಿಡುವುದರಿಂದ ಅದನ್ನು ಹಾಕುವುದಿಲ್ಲ. ಕೊಡುವ ಹೊತ್ತಿಗೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ಹುಳುಗಳನ್ನು ಹಗುರವಾಗಿ ಹೊರಳಿಸುತ್ತೇನೆ. ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಚಿಮ್ಮಂಡೆಯನ್ನು ಕೊಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ಜುಲೈ ತಿಂಗಳ ಚಳಿ ಮತ್ತು ತೇವದಲ್ಲಿ ಅವು ಮಂಕಾಗುತ್ತವೆ. ಮೊದಲ ವರ್ಷ ಎರಡು ದಿನ ಕರೆಂಟ್ ಹೋಗಿ, ಬಲ್ಬಿನ ಬಿಸಿ ಇಲ್ಲದೆ, ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಹುಳುಗಳು ಸತ್ತವು.

ಆ ಕಷ್ಟದಲ್ಲಿಯೇ ರೇಷ್ಮೆಹುಳುವಿನ ಮೊರೆ ಹೋದೆ. ಮೈಸೂರು ಕಡೆಯ ಚಾಕಿ (ಎಳೆ ರೇಷ್ಮೆಹುಳು) ಸಾಕಾಣಿಕೆ ಕೇಂದ್ರದಿಂದ ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಕಳಚಿದ, ಹುಳುಗಳನ್ನು ತರಿಸಿದೆ. ಮೈ ಮೆತ್ತಗೆ, ಕೊಬ್ಬು ಬಹಳ ಕಡಿಮೆ, ತೂಕದಲ್ಲಿ ಶೇ. 80ಕ್ಕೂ ಹೆಚ್ಚು ನೀರು. ನೀರು ಸಾಲದಾಗಿ ಹಳದಿ ತಿರುಗಿದ್ದ ಗೋಸುಂಬೆಯ ಯೂರೇಟ್ (ಮೂತ್ರದ ಗಟ್ಟಿ ಭಾಗ), ಈ ಹುಳುಗಳನ್ನು ಕೊಡತೊಡಗಿದ ಮೇಲೆ ಮತ್ತೆ ಬೆಳ್ಳಗಾದುದನ್ನು ಕಂಡು ನನಗೆ ನಿಜವಾಗಿಯೂ ನೆಮ್ಮದಿಯಾಯಿತು. ಕ್ಯಾಲ್ಸಿಯಂ ಪುಡಿ ಮಾತ್ರ ಇದಕ್ಕೂ ಬೇಕು. ತೊಡಕುಗಳೂ ಇವೆ: ಹಿಪ್ಪುನೇರಳೆ ಸೊಪ್ಪು ಒದ್ದೆಯಿದ್ದರೆ ಹುಳುಗಳಿಗೆ ರೋಗ ತಗಲುತ್ತದೆ, ನಮ್ಮ ಮಳೆಯಲ್ಲಿ ಪ್ರತಿ ಎಲೆಯನ್ನೂ ಒರೆಸಬೇಕು. ರೇಷ್ಮೆಹುಳು ಸಾಕುವ ಸೊಪ್ಪಿನ ಹಾಸಿಗೆಗೆ ಸೋಂಕುನಿವಾರಕ ಪುಡಿ ಉದುರಿಸುವ ರೂಢಿ ಇರುವುದರಿಂದ, ಪುಡಿ ತಾಗದ ಹುಳುಗಳನ್ನೇ ಕೇಳಿ ಪಡೆಯಬೇಕು.

ಹೀಗಾಗಿ ಅಕ್ಟೋಬರ್‌ನಿಂದ ಮೇ ವರೆಗೆ ಚಿಮ್ಮಂಡೆಯೇ ನಿತ್ಯದ ಆಹಾರ. ಮಳೆಗಾಲದಲ್ಲಿ ರೇಷ್ಮೆಹುಳುವಿಗೆ ಹೆಚ್ಚು ಪಾಲು ಕೊಟ್ಟು, ಉಳಿದ ಚಿಮ್ಮಂಡೆಗಳನ್ನು ನಡುನಡುವೆ ಸೇರಿಸುತ್ತೇನೆ.

ತೋಟದ ಹುಳುಗಳನ್ನೇ ಹಿಡಿದು ಕೊಡಬಾರದೇ ಎಂದು ನೆಂಟರು ಕೇಳುತ್ತಾರೆ. ಕಾಫಿ ಗಿಡಗಳಿಗೆ ಕಾಂಡಕೊರಕದ ಔಷಧಿ ಹೊಡೆಯುವ ಊರಿನಲ್ಲಿ ನಾನು ಅದಕ್ಕೆ ಒಪ್ಪಲಾರೆ. ಮಿಂಚುಹುಳುವಂತೂ ಕೂಡದು, ಅವುಗಳ ಕೆಲವು ಜಾತಿಗಳ ವಿಷ ಇಂಥ ಪ್ರಾಣಿಗಳನ್ನು ಕೊಲ್ಲಬಲ್ಲದು. ಮುಂಗಾರಿಗೆ ಮುಂಚಿನ ವಾರಗಳಲ್ಲಿ ಅವು ಒಳಗೆ ಬಾರದಂತೆ, ಗೋಸುಂಬೆಯ ಕೋಣೆಯ ಕಿಟಕಿಯನ್ನು ಮುಸ್ಸಂಜೆಗೆ ಮುನ್ನವೇ ಮುಚ್ಚುತ್ತೇನೆ.