ಆಯಿಯ ದನಿ ಮತ್ತು ಒಂದು ಮೆತ್ತನೆಯ ಡಬ್ಬಿ: ಟೋನಿಬಾಕ್ಸ್ ಮೂರು ವರ್ಷ ಬಳಸಿದ ಮೇಲೆ

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮಗಳಿಗೆ ಮೂರು ತುಂಬಿ ಕಿಂಡರ್‌ಗಾರ್ಟನ್‌ಗೆ ಹೋಗತೊಡಗಿದ ನಾಲ್ಕೇ ತಿಂಗಳಲ್ಲಿ ಅವಳ ಕನ್ನಡ ಹಿಂದೆ ಸರಿಯಿತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ. ಅರ್ಥವೆಲ್ಲ ಆಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಅವಳಿಗೆ ಎರಡನೇ ಭಾಷೆಯಾಗಿಬಿಟ್ಟಿತ್ತು. ಧಾರವಾಡದಿಂದ ನಮ್ಮವ್ವ, ಮಗಳ ಆಯಿ, ವಿಡಿಯೊ ಕರೆಯಲ್ಲಿ "ಊಟ ಆತೇನವಾ?" ಅಂದರೆ "ಯಾ" ಅಂದು ಓಡಿಹೋಗುತ್ತಿದ್ದಳು. ಒಂದು ದಿನ ಅವ್ವ, "ಕೂಸಿಗೆ ನನ್ನ ಮಾತು ತಿಳೀವಲ್ದೇನು?" ಅಂತ ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲು ಒಂದು ಶಿಶುಗೀತೆಯ ಆಪ್‌ಗೆ ವರ್ಷದ ಚಂದಾ ಕಟ್ಟಿದೆವು. ಹೆಸರು ಬೇಡ. ಮಗಳು ಬಣ್ಣ ನೋಡಿದಳು, ಮಾತು ಕೇಳಲಿಲ್ಲ. ಆಮೇಲೆ ಕೊಂಡಿದ್ದು ಟೋನಿಬಾಕ್ಸ್, ಮಕ್ಕಳಿಗೆ ಕತೆ ಕೇಳಿಸುವ ಡಬ್ಬಿ. ಜರ್ಮನಿಯದೇ ವಸ್ತು, 2016ರಲ್ಲಿ ಮಾರುಕಟ್ಟೆಗೆ ಬಂದದ್ದು. ಇಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೆ. ನಾವು ತೆಗೆದುಕೊಂಡದ್ದು ಒಬ್ಬರು ಬಳಸಿ ಬಿಟ್ಟದ್ದನ್ನು, 45 ಯೂರೊಗೆ.

ಬಟ್ಟೆ ಹೊದಿಸಿದ ಮೆತ್ತನೆಯ ಚೌಕ ಡಬ್ಬಿ, ಪರದೆ ಇಲ್ಲ. ಮೇಲೊಂದು ಗೊಂಬೆ ಇಟ್ಟರೆ ಕತೆ ಶುರು, ಎತ್ತಿದರೆ ನಿಲ್ಲುತ್ತದೆ. ಡಬ್ಬಿಗೆ ಎರಡು ಕಿವಿ: ದೊಡ್ಡದನ್ನು ಒತ್ತಿದರೆ ದನಿ ಏರುತ್ತದೆ, ಸಣ್ಣದನ್ನು ಒತ್ತಿದರೆ ಇಳಿಯುತ್ತದೆ. ಪಕ್ಕಕ್ಕೆ ತಟ್ಟಿದರೆ ಮುಂದಿನ ಕತೆ. ಮೂರು ವರ್ಷದ ಮಗು ಯಾರನ್ನೂ ಕೇಳದೆ ನಡೆಸಬಹುದು. ಅಂಗಡಿಯ ಗೊಂಬೆಗಳಲ್ಲಿ ಕನ್ನಡದ ಕತೆ ಸಿಗುವುದಿಲ್ಲ. ನಮಗೆ ಬೇಕಾಗಿದ್ದು 'ಕ್ರಿಯೇಟಿವ್ ಟೋನಿ' ಎಂಬ ಖಾಲಿ ಗೊಂಬೆ. ಅದರಲ್ಲಿ ನಮ್ಮದೇ ದನಿಯನ್ನು 90 ನಿಮಿಷದವರೆಗೆ ತುಂಬಬಹುದು. ಅವ್ವ ವಾಟ್ಸಾಪ್‌ನಲ್ಲಿ ಕತೆ ಹೇಳಿ ಕಳಿಸುತ್ತಾಳೆ, ನನ್ನ ಗಂಡ ಅದನ್ನು ಎಂಪಿ3 ಮಾಡಿ ಏರಿಸುತ್ತಾರೆ. ವೈಫೈ ಇದ್ದಾಗ ಡಬ್ಬಿ ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ರೈಲಿನಲ್ಲೂ ನಡೆಯುತ್ತದೆ.

ಮೊದಲ ಎರಡು ತಿಂಗಳು ಫಲ ಕಾಣಲಿಲ್ಲ. ಅದಕ್ಕೆ ಕಾರಣ ಡಬ್ಬಿಯಲ್ಲ. ಕೂಸಿಗೆ ಶುದ್ಧ ಕನ್ನಡ ಬರಲಿ ಅಂತ ನಾನೇ ಅವ್ವನಿಗೆ ಪುಸ್ತಕ ನೋಡಿ ಓದಲು ಹೇಳಿದ್ದೆ. ಅವ್ವ ರೇಡಿಯೊದ ವಾರ್ತೆಯಂತೆ ಓದಿದಳು, ಮಗಳು ಸುಮ್ಮನೆ ಕೇಳಿದಳು. ಒಮ್ಮೆ ಅವ್ವ ಪುಸ್ತಕ ಬದಿಗಿಟ್ಟು ಕಾಗಕ್ಕ-ಗುಬ್ಬಕ್ಕನ ಕತೆಯನ್ನು ತನ್ನ ಮಾತಿನಲ್ಲೇ ಹೇಳಿದಳು. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಯಿತು. "ಕಾಗಕ್ಕ ಈಗ ಎಲ್ಲಿಗೆ ಹೋತವಾ?" ಅಂತ ಕೇಳಿ, ಎದುರಿಗೆ ಮೊಮ್ಮಗಳು ಕೂತಿದ್ದಾಳೆ ಎಂಬಂತೆ ಸುಮ್ಮನಾದಳು. ಐದು ಸೆಕೆಂಡು ದನಿಯೇ ಇಲ್ಲ. ಆ ಖಾಲಿ ಜಾಗದಲ್ಲಿ ನಮ್ಮ ಕೂಸು ಜೋರಾಗಿ "ಗುಬ್ಬಕ್ಕನ ಮನಿಗೆ!" ಅಂದಿತು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಹಾಗೇ ನಿಂತೆ.

ಅಂದಿನಿಂದ ನಮ್ಮ ಎಲ್ಲ ಧ್ವನಿಮುದ್ರಣಗಳಲ್ಲೂ ಹೀಗೆ ಕೇಳಿ ಕಾಯುವುದು ಇದೆ. ಒಂದೇ ಮಾತು ಮರಳಿ ಮರಳಿ ಬರುವ ಕತೆಗಳು ಇದಕ್ಕೆ ಬಹಳ ಚೆನ್ನ. ಕಾಗಕ್ಕ ಎಷ್ಟು ಸಲ ಬಾಗಿಲು ತಟ್ಟಿದರೂ ಗುಬ್ಬಕ್ಕನ ಉತ್ತರ ಶುರುವಾಗುವುದು "ತಡಿ" ಅಂತಲೇ. ಒಂದು ಸಂಜೆ ಊಟಕ್ಕೆ ಕರೆದಾಗ ಬಚ್ಚಲಿನಿಂದ ಕೂಗು ಬಂತು: "ತಡೀ, ನನ್ನ ಕೂಸಿಗೆ ಎರ್ಯಾಕತ್ತೀನಿ!" ಗೊಂಬೆಗೆ ಸ್ನಾನ ನಡೆದಿತ್ತು. 'ಎರೆ' ಎಂಬ ಮಾತನ್ನು ನಾನಾಗಲಿ ಶಿವಮೊಗ್ಗದ ನನ್ನ ಗಂಡನಾಗಲಿ ಮನೆಯಲ್ಲಿ ಆಡಿದ್ದಿಲ್ಲ.

ವ್ಯಾಕರಣವೂ ಹೀಗೇ ತಿದ್ದಿಕೊಂಡಿತು. "ನಾನು ನೀರು ಬೇಕು" ಅನ್ನುತ್ತಿದ್ದಳು, ಏಕೆಂದರೆ ಜರ್ಮನ್‌ನಲ್ಲಿ 'ಇಶ್' ಅಂದರೆ ನಾನು, ನೀರು ಬೇಕೆನ್ನುವುದು ಅಲ್ಲಿಂದಲೇ ಶುರು. ತಿದ್ದಿದರೆ ಬಾಯಿ ಮುಚ್ಚುತ್ತಿದ್ದಳು. ಆಯಿಯ ಕತೆಗಳಲ್ಲಿ ಬೆಕ್ಕಿಗೆ ಹಾಲು ಬೇಕು, ಇಲಿಗೆ ರೊಟ್ಟಿ ಬೇಕು, ನನಗೆ ನಿದ್ದಿ ಬೇಕು ಎಂಬುದನ್ನು ಕೇಳಿ ಕೇಳಿ ಎಂಟು-ಒಂಬತ್ತು ತಿಂಗಳಲ್ಲಿ "ನನಗ" ತಾನಾಗಿ ಬಂತು. ಜರ್ಮನ್‌ನಲ್ಲಿ ಇಲ್ಲದ ಳ, ಣ ಮಾತ್ರ ನಿಧಾನ. ಬಾಳೆಹಣ್ಣು ಐದನೇ ವರ್ಷದವರೆಗೂ 'ಬಾಲೆಹನ್ನು' ಆಗಿಯೇ ಇತ್ತು.

ಕತೆ ತೀರಿದಾಗ ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣ ನೆರವಾಯಿತು. ಕನ್ನಡದ ಚಿತ್ರಪುಸ್ತಕಗಳು ಅಲ್ಲಿ ಉಚಿತ, ನಾಲ್ಕು ಹಂತಗಳಲ್ಲಿವೆ. ಒಂದನೇ ಹಂತದ್ದನ್ನು ಮುದ್ರಿಸಿ ಮಗಳ ಕೈಗೆ ಕೊಟ್ಟೆವು. ಅದೇ ಪುಟಗಳ ಕತೆಯನ್ನು ಅವ್ವ ತನ್ನ ಧಾಟಿಯಲ್ಲಿ ಹೇಳಿ, "ಹಾಳಿ ತಿರುವು" ಅಂತ ನಡುವೆ ಸೇರಿಸುತ್ತಾಳೆ.

ಕೊಳ್ಳುವ ಮುನ್ನ ಕೆಲವು ಮಾತು. ಹೊಸ ಡಬ್ಬಿ ಅಗ್ಗವಲ್ಲ. ಒಂದು ಖಾಲಿ ಗೊಂಬೆಗೆ 90 ನಿಮಿಷ ತುಂಬಿದರೆ ಹೊಸದಕ್ಕೆ ಹಳೆಯದನ್ನು ಅಳಿಸಲೇಬೇಕು, ಆದ್ದರಿಂದ ಮೂಲ ಧ್ವನಿಯನ್ನು ಬೇರೆ ಕಡೆ ಕಾಪಿಡಿ. ನಾವು ಪ್ರತಿ ಕತೆಯನ್ನೂ ಎರಡು ಕಡೆ ಇಟ್ಟಿದ್ದೇವೆ. ಅವ್ವನಿಗೆ 71 ವರ್ಷ. ಇನ್ನು, ಡಬ್ಬಿಗೆ ಮಗುವಿನ ಉತ್ತರ ಕೇಳಿಸುವುದಿಲ್ಲ. ದಿನಕ್ಕೆ ಹದಿನೈದು ನಿಮಿಷವಾದರೂ ಪಕ್ಕದಲ್ಲಿ ಕೂತು ಅವಳು ಹೇಳಿದ್ದನ್ನು ಹಿಡಿದು ಮಾತು ಬೆಳೆಸಿದ ದಿನಗಳಲ್ಲಷ್ಟೇ ಹೊಸ ಮಾತು ಉಳಿದದ್ದು ಕಂಡಿದ್ದೇನೆ. ಡಬ್ಬಿ ಇಟ್ಟು ನಾವು ನಮ್ಮ ಕೆಲಸಕ್ಕೆ ಹೋದ ವಾರಗಳಲ್ಲಿ ಕತೆ ಬಾಯಿಪಾಠವಾಯಿತು, ಮಾತು ಬೆಳೆಯಲಿಲ್ಲ. ಮನೆಯಲ್ಲಿ ಯಾರೂ ಕನ್ನಡ ಆಡದಿದ್ದರೆ ಇದನ್ನು ಕೊಳ್ಳಿ ಅಂತ ನಾನು ಹೇಳಲಾರೆ.

ನನ್ನ ಅಂಕ 5ಕ್ಕೆ 4. ಮಗಳಿಗೆ ಈಗ ಆರು. ಹೋದ ವಾರ ಫೋನು ಕಸಿದುಕೊಂಡು ತಾನೇ ಆಯಿಗೆ ಕತೆ ಕಳಿಸಿದಳು. ಕಿಂಡರ್‌ಗಾರ್ಟನ್‌ನಲ್ಲಿ ಕೇಳಿದ ತೋಳದ ಕತೆ, ಹೇಳಿದ್ದು ಕನ್ನಡದಲ್ಲಿ. ನಡುವೆ ನಿಲ್ಲಿಸಿ, "ತೋಳ ಈಗ ಎಲ್ಲಿಗೆ ಹೋತು, ಆಯಿ?" ಅಂತ ಕೇಳಿ, ಉಸಿರು ಬಿಗಿಹಿಡಿದು ಕಾದಳು.