ಮೂರು ಗಣಪತಿ ಸೀಸನ್ ಕಿವಿಯಲ್ಲಿಟ್ಟು ನೋಡಿದ ಎರಡು ಇನ್‌ಇಯರ್‌ಗಳು

ಹಾಸನದಲ್ಲಿ ಸೌಂಡ್ ಸಿಸ್ಟಂ ಕೆಲಸ ನನ್ನದು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಮದುವೆ ರಿಸೆಪ್ಷನ್, ಆಗಾಗ ಹಾಸನಾಂಬ ಕಲಾಕ್ಷೇತ್ರದಲ್ಲೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ಸುಗಮ ಸಂಗೀತ. ನನ್ನ ಬ್ಯಾಗಿನಲ್ಲಿ ಎರಡು ಇನ್‌ಇಯರ್ (ಕಿವಿಯ ಕೊಳವೆಯೊಳಗೆ ಕೂರೋ ಇಯರ್‌ಫೋನ್) ಇವೆ: ಶೂರ್ ಎಸ್‌ಇ215, ಎಟಿಮೋಟಿಕ್ ಇಆರ್2ಎಸ್‌ಇ. ಎರಡಕ್ಕೂ ಕಿವಿಗೆ ಒಂದೊಂದೇ ಡೈನಾಮಿಕ್ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್), ಎರಡರ ಕೇಬಲ್ಲೂ ಬಿಚ್ಚಿ ಬದಲಾಯಿಸಬಹುದು. ಕೇಳಿಸೋ ರೀತಿ ಮಾತ್ರ ಅಜಗಜಾಂತರ.

ಮೊದಲು ಕಂಪನಿಯವರು ಕೊಡೋ ಅಂಕಿ ನೋಡೋಣ, ಅಂದರೆ ಎಷ್ಟು ತಗ್ಗಿನ ಸದ್ದಿನಿಂದ ಎಷ್ಟು ಮೇಲಿನ ಸದ್ದಿನವರೆಗೆ ಕೇಳಿಸುತ್ತೆ ಅನ್ನೋದು. ಶೂರ್‌ಗೆ 22 ಹರ್ಟ್ಜ್‌ನಿಂದ 17.5 ಕಿಲೋಹರ್ಟ್ಜ್, ಎಟಿಮೋಟಿಕ್‌ಗೆ 20 ಹರ್ಟ್ಜ್‌ನಿಂದ 16 ಕಿಲೋಹರ್ಟ್ಜ್. ಇದನ್ನು ನಂಬಿ ‘ಮೇಲಿನ ಸೌಂಡು ಶೂರ್‌ನಲ್ಲೇ ಜಾಸ್ತಿ’ ಅಂದುಕೊಂಡರೆ ಕೆಟ್ಟಿರಿ. ಕಿವಿಗೆ ಹಾಕಿದಾಗ ತದ್ವಿರುದ್ಧ. ಹಾಸನದಿಂದ ಸಕಲೇಶಪುರಕ್ಕೆ ಇಷ್ಟು ಕಿಲೋಮೀಟರ್ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ರಸ್ತೆಯಲ್ಲಿ ಎಷ್ಟು ಗುಂಡಿ, ಎಷ್ಟು ಹಂಪ್ ಅಂತ ಗೊತ್ತಾಗುತ್ತಾ? ನಡುವೆ ಎಲ್ಲಿ ಎಷ್ಟು ಡೆಸಿಬೆಲ್ ಏರುತ್ತೆ, ಎಲ್ಲಿ ಇಳಿಯುತ್ತೆ ಅನ್ನೋದೇ ವಿಷಯ. ಶೂರ್‌ನಲ್ಲಿ ಬೇಸ್ ಮುಂದೆ ನಿಲ್ಲುತ್ತೆ, ತಾಳ, ಸಿಂಬಲ್‌ಗಳ ಚುರುಕು ಹಿಂದೆ ಸರಿಯುತ್ತೆ. ಎಟಿಮೋಟಿಕ್‌ನಲ್ಲಿ ಬೇಸ್ ಇದ್ದಷ್ಟೇ ಇರುತ್ತೆ, ಗಾಯಕರು ಉಸಿರು ಎಳೆದಿದ್ದೂ ಕೇಳುತ್ತೆ.

ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಅಂತ ತೋರಿಸೋ ಗ್ರಾಫ್‌ನಲ್ಲಿ 3 ಕಿಲೋಹರ್ಟ್ಜ್ ಹತ್ತಿರ ಗುಡ್ಡ ಕಂಡು ಗಾಬರಿ ಆಗೋರಿದ್ದಾರೆ. ನಮ್ಮ ಕಿವಿಯ ಕೊಳವೆ ತೆರೆದಿದ್ದಾಗ ತಾನಾಗಿಯೇ ಸುಮಾರು ಅಲ್ಲೇ ಅನುರಣಿಸುತ್ತೆ. ಇನ್‌ಇಯರ್ ಹಾಕಿ ಆ ದಾರಿ ಮುಚ್ಚಿದ ಮೇಲೆ ಕಳೆದುಹೋದ ಆ ಏರನ್ನು ಅದೇ ವಾಪಸ್ ಕೊಡಬೇಕು. ಗೆರೆ ನೇರ ಎಳೆದ ಹಾಗಿದ್ದರೆ ಹಾಡೋರು ಗೋಡೆ ಆಚೆ ನಿಂತಂಗೆ ಕೇಳುತ್ತೆ.

ಮನೆಯಲ್ಲಿ ಹೋಲಿಸಿ ನೋಡೋರು ಮೊದಲು ಪಿಂಕ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಯೂ ಇರೋ ‘ಶ್ಶ್’ ಅನ್ನೋ ಟೆಸ್ಟ್ ಸದ್ದು) ಹಾಕಿ ಎರಡರ ಮಟ್ಟವನ್ನೂ ಸಮ ಮಾಡಿಕೊಳ್ಳಿ. ಜೋರಾಗಿರೋದು ಯಾವತ್ತೂ ಹೆಚ್ಚು ಬೇಸ್ ಇರೋ ಹಾಗೆ, ಒಳ್ಳೇದು ಅನ್ನೋ ಹಾಗೆ ಕೇಳುತ್ತೆ. ಜೋರಾದಷ್ಟೂ ಬೇಸ್ ಹೆಚ್ಚು ಕೇಳೋ ಕಿವಿಯ ಈ ಸ್ವಭಾವವನ್ನು ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ.

ಮೊದಲ ವರ್ಷ ನಾನೇ ಎಡವಿದೆ. ಪೆಂಡಾಲಿನಲ್ಲಿ ಜನರ ಗಲಾಟೆ, ಪಕ್ಕದಲ್ಲಿ ಜನರೇಟರ್. ಶೂರ್ ಹಾಕಿಕೊಂಡು ಮೇನ್ ಮಿಕ್ಸ್ (ಜನರಿಗೆ ಕೇಳೋ ಸೌಂಡು) ಮಾಡಿದೆ. ಢೋಲಕ್ ಗುಂ ಅಂತಿದೆ ಅಂತ ತಗ್ಗಿಸಿದೆ, ರಿದಂ ಪ್ಯಾಡ್‌ನ ಹೈ ಏರಿಸಿದೆ. ಆಮೇಲೆ ಇಯರ್‌ಫೋನ್ ತೆಗೆದು ಸ್ಪೀಕರ್ ಬಾಕ್ಸ್ ಮುಂದೆ ಹೋದರೆ ಮೈಯೆಲ್ಲ ಒಣಗಿದ ಸೌಂಡು, ಹಾಡಿನಲ್ಲಿ ಬರೋ ಪ್ರತಿ ‘ಸ’ಕಾರವೂ ಸೂಜಿ. ತಪ್ಪು ಇಯರ್‌ಫೋನಿನದ್ದಲ್ಲ; ಅದರಲ್ಲಿದ್ದ ಬೇಸನ್ನು ನಾನು ಮಿಕ್ಸರ್‌ನಲ್ಲಿ ಕತ್ತರಿಸಿದ್ದೆ. ಅದಾದ ಮೇಲೆ ಎಟಿಮೋಟಿಕ್ ಬಂತು.

ಮುಂದಿನ ವರ್ಷದ ಪಾಠ ಉಲ್ಟಾ. ಕಲಾಮಂದಿರದಲ್ಲಿ ಗಾಯಕರೊಬ್ಬರು ತಮ್ಮದೇ ಎಸ್‌ಇ215 ತಂದಿದ್ದರು. ಸೌಂಡ್ ಚೆಕ್‌ನಲ್ಲಿ ‘ಅಣ್ಣಾ, ಡಬ್ಬದೊಳಗೆ ಕೂತು ಹಾಡ್ದಂಗಾಗ್ತಿದೆ’ ಅಂದರು. ಅವರ ಆಕ್ಸನ್ನು (ಅವರ ಕಿವಿಗೆ ಅಂತಲೇ ಕಳಿಸೋ ಮಿಕ್ಸ್) ಎಟಿಮೋಟಿಕ್‌ನಲ್ಲಿ ಕೇಳಿದೆ, ನನಗೆ ಅಚ್ಚುಕಟ್ಟಾಗಿತ್ತು. ‘ಸರಿ ಇದೆಯಲ್ಲ ಸಾರ್’ ಅನ್ನೋಕೆ ಬಾಯಿ ತೆರೆದವನು ಸುಮ್ಮನಾಗಿ ಶೂರ್ ಹಾಕಿ ಕೇಳಿದೆ. ಹೌದು, ಡಬ್ಬ! 250 ಹರ್ಟ್ಜ್ ಸುತ್ತ 4 ಡೆಸಿಬೆಲ್ ಇಳಿಸಿದೆ, ನನ್ನ ಕಿವಿಗೆ ಸರಿಹೋಯಿತು. ಅವರು ಇನ್ನೂ ತಲೆ ಅಲ್ಲಾಡಿಸ್ತಿದ್ದರು. ಕಿವಿ ಮುಚ್ಚಿಕೊಂಡು ಹಾಡುವಾಗ ಸ್ವಂತ ದನಿಯ ತಗ್ಗಿನ ಭಾಗ ಮೂಳೆಯ ಮೂಲಕ ಬಂದು ಕಿವಿಯೊಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಅದು ಹಾಡೋರಿಗೆ ಮಾತ್ರ ಕೇಳೋದು, ಯಾವ ಇಯರ್‌ಫೋನ್ ಹಾಕಿದರೂ ನನಗೆ ಕೇಳಲ್ಲ. ಅಂದಾಜಿನ ಮೇಲೆ ಇನ್ನೆರಡು ಡೆಸಿಬೆಲ್ ತೆಗೆದಾಗ ಹೆಬ್ಬೆರಳು ಎತ್ತಿದರು.

ಹಾಗಾಗಿ ಮೇನ್ ಮಿಕ್ಸ್‌ಗೆ ಎಟಿಮೋಟಿಕ್. ಸ್ಟೇಜ್ ಮಾನಿಟರ್ (ಹಾಡೋರಿಗೆ, ನುಡಿಸೋರಿಗೆ ಕೇಳೋ ಸೌಂಡು) ನೋಡಿಕೊಳ್ಳೋರಾದರೆ ಗ್ರಾಫ್ ಬದಿಗಿಡಿ, ಹಾಡೋರ ಕಿವಿಯಲ್ಲಿ ಯಾವುದಿದೆ ಅಂತ ಕೇಳಿ ಅದನ್ನೇ ಕೊಳ್ಳಿ. ನಮ್ಮ ಕಡೆ ಬರೋ ಟ್ರೂಪ್‌ಗಳಲ್ಲಿ ನಾನು ಹೆಚ್ಚಾಗಿ ನೋಡೋದು ಶೂರ್.

ಇಷ್ಟೆಲ್ಲ ಹೇಳಿದ್ದು ಕಿವಿಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಮಾತ್ರ. ಸಂದಿ ಬಿಟ್ಟರೆ ಬೇಸ್ ಮೊದಲು ಓಡಿಹೋಗುತ್ತೆ. ಫೋನಿನ ಟೋನ್ ಆ್ಯಪ್‌ನಲ್ಲಿ 40 ಹರ್ಟ್ಜ್ ಹಾಕಿ, ಇಯರ್‌ಫೋನನ್ನು ಬೆರಳಲ್ಲಿ ಒತ್ತಿ ನೋಡಿ. ಒತ್ತಿದಾಗ ಜೋರಾದರೆ ಸೀಲ್ ಆಗಿಲ್ಲ. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ಎಸ್ಟೇಟ್ ಒಂದರ ಫಂಕ್ಷನ್‌ನಲ್ಲಿ ಶೂರ್‌ನ ಫೋಮ್ ಟಿಪ್ ಚಳಿಗೆ ಬಿರುಸಾಗಿ ಅರಳಲೇ ಇಲ್ಲ. ಅಂಗೈಯಲ್ಲಿ ಹಿಡಿದು, ಕಾಫಿ ಲೋಟಕ್ಕೆ ತಾಗಿಸಿ ಬಿಸಿ ಮಾಡಿ ಹಾಕಿದ ಮೇಲೆ ಸೀಲ್ ಆಯಿತು. ಎಟಿಮೋಟಿಕ್‌ನ ಮೂರು ಕೊಡೆಯ ಟಿಪ್‌ಗೆ ಈ ಕಾಟವಿಲ್ಲ. ಅದರ ತುದಿಯ ಫಿಲ್ಟರ್ ಗುಗ್ಗೆಯಿಂದ ಕಟ್ಟಿದರೆ ಹೈ ಸತ್ತುಹೋಗುತ್ತೆ, ಹೊಸದು ಹಾಕಿಕೊಳ್ಳಬೇಕು.

ನಡುವೆ ಐದು ಡ್ರೈವರ್‌ನ ಅಗ್ಗದ್ದೊಂದನ್ನೂ ತರಿಸಿದ್ದೆ, ಹೆಸರು ಬೇಡ. ಫೋನಿನಲ್ಲಿ ಒಂದು ಥರ, ಮಿಕ್ಸರ್‌ನ ಹೆಡ್‌ಫೋನ್ ಜಾಕ್‌ನಲ್ಲಿ ಇನ್ನೊಂದು ಥರ. ಅಂಥವುಗಳ ಇಂಪಿಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಫ್ರೀಕ್ವೆನ್ಸಿಗೆ ತಕ್ಕಂತೆ ಏರಿಳಿಯುತ್ತೆ, ಜಾಕ್‌ನ ಔಟ್‌ಪುಟ್ ಇಂಪಿಡೆನ್ಸ್ ಜಾಸ್ತಿ ಇದ್ದರೆ ರೆಸ್ಪಾನ್ಸೇ, ಅಂದರೆ ಬೇಸ್, ಹೈಗಳ ಹದವೇ ಬದಲಾಗಿಬಿಡುತ್ತೆ. ಕೆಲಸಕ್ಕೆ ನಂಬೋಕಾಗಲ್ಲ.

ಇನ್ನು ಜೋರು. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗ ಅರ್ಧ. 94ಕ್ಕೆ ಒಂದೇ ಗಂಟೆ. ನಮ್ಮ ಆರ್ಕೆಸ್ಟ್ರಾ ನಾಲ್ಕು ಗಂಟೆ ನಡೆಯುತ್ತೆ. ಎಟಿಮೋಟಿಕ್ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯೋದರಿಂದ ವಾಲ್ಯೂಮ್ ತಗ್ಗಿಸಿಯೇ ಕೆಲಸ ನಡೆಯುತ್ತೆ, ರಾತ್ರಿ ಮನೆಗೆ ಬಂದಾಗ ಕಿವಿಯಲ್ಲಿ ಕುಯ್ಯ್ ಅನ್ನೋದು ನಿಂತಿದೆ.

ಆಳಕ್ಕೆ ತೂರಿಸಬೇಕು ಅನ್ನೋದೇ ಅದರ ಕಷ್ಟ. ನನ್ನ ಜೊತೆ ಕೇಬಲ್ ಎಳೆಯೋ ಹುಡುಗ ಒಂದು ಸಲ ಹಾಕಿ ನೋಡಿ, ‘ಮಿದುಳಿಗೇ ತಾಗುತ್ತೆ ಅಣ್ಣ’ ಅಂತ ಕಿತ್ತುಕೊಟ್ಟ. ಅವನ ಪಾಲಿಗೆ ಶೂರ್.